ಕೆಂಪು ಕಾರ್ಡು, ನೀಲಿ ಕಾರ್ಡು ಮತ್ತು ರೊಟ್ಟಿ ಮಷೀನು

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದೇ ಒಂದು ರೂಪಾಯಿ ಕಡಿಮೆ ಕಟ್ಟದ ಕಂಡಕ್ಟರ್ ಅಮರಗುಂಡಪ್ಪ ಆ ಬುಧವಾರ ಬೆಳಿಗ್ಗೆ, ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕನ್ನಡಿಯ ಎದುರು ನಿಂತು, ಭೀಷ್ಮನೂ ಬೆಚ್ಚುವಂಥ ಪ್ರತಿಜ್ಞೆಯೊಂದನ್ನು ಮಾಡಿದ.

“ಇವತ್ತ ಸಂಜಿ ಒಳಗ ಶಿವಗಂಗಾಗ ರೊಟ್ಟಿ ಮಷೀನ್ ತಂದು ಕೊಡ್ತೀನಿ. ಅದು ಬಂದು ಬಾಗಿಲಾಗ ಇಳಿಯೋತನಕ ಆಕಿಗೆ ಸುಳಿವು ಸೈತ ಹತ್ತಬಾರದು!”

ಕನ್ನಡಿಯೊಳಗಿನ ಅಮರಗುಂಡಪ್ಪ ಕೂಡಲೇ ಒಪ್ಪಿಕೊಂಡ. ಒಪ್ಪದೆ ಏನು ಮಾಡಿಯಾನು? ಈ ಮನುಷ್ಯನ ಜಾಗ್ರತೆ ಇಡೀ ಮಸ್ಕಿಗೆ ಗೊತ್ತಿದ್ದದ್ದೇ. ಮನೆಗೆ ಬೀಗ ಹಾಕಿದರೆ ಒಮ್ಮೆ ಜಗ್ಗಿ ನೋಡುವನು. ಓಣಿಯ ತಿರುವಿನವರೆಗೆ ಹೋದ ಮೇಲೆ, ಜಗ್ಗಿ ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಸಂಶಯ ಬಂದು, ತಿರುಗಿ ಬಂದು ಇನ್ನೊಮ್ಮೆ ಜಗ್ಗುವನು. ಹೀಗೆ ಜಗ್ಗಿಸಿಕೊಂಡು ಜಗ್ಗಿಸಿಕೊಂಡು ಆರು ವರ್ಷದಲ್ಲಿ ಮೂರು ಬೀಗ ಸತ್ತಿದ್ದವು!

ಇಂಥವನಿಗೆ ರೊಟ್ಟಿ ಮಷೀನಿನ ಹುಚ್ಚು ಹಿಡಿಸಿದ್ದು ಒಂದು ಚಹಾದ ಲೋಟ.

ಅವನ ಹೆಂಡತಿ ಶಿವಗಂಗಾ ಮನೆಯ ಪಡಸಾಲೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಅವಳು ಬಡಿದ ರೊಟ್ಟಿ ಮಸ್ಕಿಯ ಎರಡು ಖಾನಾವಳಿಗೆ, ಲಿಂಗಸುಗೂರಿನ ಒಂದು ಖಾನಾವಳಿಗೆ ಹೋಗುತ್ತಿತ್ತು. ದಿನಕ್ಕೆ ನೂರೈವತ್ತು ರೊಟ್ಟಿ ಎಂದರೆ ಎಷ್ಟು ಸಾವಿರ ಏಟು ಎಂದು ಅಮರಗುಂಡಪ್ಪ ಒಮ್ಮೆ ಲೆಕ್ಕ ಹಾಕಲು ಹೋಗಿ, ಹೆದರಿ ಬಿಟ್ಟುಬಿಟ್ಟಿದ್ದ.

ಕಂಡಕ್ಟರ್ ಆದವನು ದಿನವಿಡೀ ಜನರ ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ. ನೋಟು ಹಿಡಿದ ಕೈ, ಕಂಬ ಹಿಡಿದ ಕೈ, ಚಿಲ್ಲರೆಗೆ ಚಾಚಿದ ಕೈ. ಅಂಥ ಕಣ್ಣಿಗೆ ತಿಂಗಳ ಹಿಂದೆ ಒಂದು ದಿನ, ಶಿವಗಂಗಾ ಚಹಾದ ಲೋಟವನ್ನು ಎಡಗೈಯಲ್ಲಿ ಕೊಟ್ಟದ್ದು ಕಾಣಿಸಿತು. ಮರುದಿನವೂ ಎಡಗೈ. ಮೂರನೆಯ ದಿನ, ಬಾಗಿಲ ಹಿಂದೆ ಅವಳು ಬಲ ಮಣಿಕಟ್ಟಿಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದದ್ದು ಕಂಡಿತು. ಅವನು ಏನೂ ಕೇಳಲಿಲ್ಲ. ಅವಳು ಏನೂ ಹೇಳಲಿಲ್ಲ. ಆದರೆ ಅವತ್ತಿನಿಂದ ಅವನಿಗೆ ರೊಟ್ಟಿ ನುಂಗುವುದು ಕಷ್ಟವಾಯಿತು.

ಅದರ ಮೇಲೆ ತುರ್ವಿಹಾಳದ ಬಸವಣ್ಣೆಮ್ಮನವರ ಆರ್ಡರ್ ಬಂದಿತು. ಮೊಮ್ಮಗಳ ಮದುವೆಗೆ ಹದಿನೈದು ನೂರು ಖಡಕ್ ರೊಟ್ಟಿ! ಹದಿನಾಲ್ಕು ದಿನದ ವಾಯಿದೆ. ಶಿವಗಂಗಾ ಹಿಗ್ಗಿ ಹೂಂ ಅಂದುಬಿಟ್ಟಳು. ಅಮರಗುಂಡಪ್ಪನ ಕಣ್ಣ ಮುಂದೆ ಆ ಒದ್ದೆ ಬಟ್ಟೆ ಹಾಯ್ದುಹೋಯಿತು.

ಮಷೀನ್ ತರಲೇ ಎಂದು ಅವಳನ್ನೇ ಕೇಳುವ ಹಾಗಿರಲಿಲ್ಲ. ಹಿಂದೊಮ್ಮೆ ಸುಮ್ಮನೆ ಮಾತು ತೆಗೆದಿದ್ದಕ್ಕೇ ಅವಳು, “ಮಷೀನಿನ ರೊಟ್ಟಿನ? ಹಂಗಾರ ದೇವರು ನಂಗ ಕೈ ಎದಕ್ಕ ಕೊಟ್ಟಾನ್ರಿ, ಬಳಿ ಹಾಕ್ಕೊಳ್ಳಾಕಷ್ಟ?” ಎಂದು ಬಾಯಿ ಮುಚ್ಚಿಸಿದ್ದಳು.

ಹಾಗಾಗಿ ಅಮರಗುಂಡಪ್ಪ ತನ್ನ ರಹಸ್ಯ ಅಸ್ತ್ರವನ್ನು ಹೊರತೆಗೆದ. ಅದೇ ನೀಲಿ ಕಾರ್ಡು.

ಅವನ ಸಂಬಳ ಬೀಳುವ ಬ್ಯಾಂಕು ಮೂರು ವರ್ಷದ ಹಿಂದೆ ಅವನಿಗೊಂದು ಕೆಂಪು ಕ್ರೆಡಿಟ್ ಕಾರ್ಡು ಕೊಟ್ಟಿತ್ತು. ಅರವತ್ತು ಸಾವಿರದ ಲಿಮಿಟ್. ಅದನ್ನು ಅವನು ಮನೆಖರ್ಚಿಗೆಂದು ಶಿವಗಂಗಾಳ ಕೈಗೆ ಕೊಟ್ಟಿದ್ದ. ಈಚೆಗೆ ಅದೇ ಬ್ಯಾಂಕಿನವರು ಡಿಪೋದ ಬೇವಿನ ಮರದ ಕೆಳಗೆ ಮೇಜು ಹಾಕಿ ಕೂತು, ನೀಲಿ ಕಾರ್ಡೊಂದನ್ನು ಕೊಟ್ಟರು. ಅದರ ಕಾಗದದಲ್ಲೂ ‘ಲಿಮಿಟ್ ಅರವತ್ತು ಸಾವಿರ’ ಎಂದಿತ್ತು. ಅಮರಗುಂಡಪ್ಪ ಆ ಕಾಗದವನ್ನು ಐದು ಸಲ ಓದಿದ. ಒಂದು ಬಸ್ಸಿಗೆ ಐವತ್ತು ಸೀಟು, ಇನ್ನೊಂದು ಬಸ್ಸಿಗೆ ಐವತ್ತು ಸೀಟು, ಒಟ್ಟು ನೂರು ಸೀಟು. ಇದರಲ್ಲಿ ತಪ್ಪುವಂಥದ್ದು ಏನಿದೆ?

ತಪ್ಪು ಇನ್ನೊಂದು ಕಡೆಯೂ ಕೂತಿತ್ತು. ಬ್ಯಾಂಕಿಗೆ ಅವನು ಕೊಟ್ಟಿದ್ದ ಫೋನ್ ನಂಬರು ಹಳೆಯದು. ಹೊಸ ಫೋನ್ ಕೊಂಡಾಗ ಹಳೆಯ ಫೋನನ್ನು ಸಿಮ್ ಸಮೇತ ಹೆಂಡತಿಗೆ ಕೊಟ್ಟಿದ್ದ. ನೀಲಿ ಕಾರ್ಡು ಮಾಡಿಸುವಾಗ ಆ ಫೋನಿಗೆ ಒಂದು ಗುಪ್ತ ಸಂಖ್ಯೆ ಬಂದಿತ್ತು. ಡಿಪೋದ ಹಾಜರಿಯದೆಂದು ಸುಳ್ಳು ಹೇಳಿ, ಶಿವಗಂಗಾಳಿಂದಲೇ ಅದನ್ನು ಓದಿಸಿಕೊಂಡಿದ್ದ. ಅಲ್ಲಿಗೆ ಆ ವಿಷಯ ಮುಗಿಯಿತೆಂದು ಅವನ ನಂಬಿಕೆ. ಟಿಕೆಟ್ ಹರಿದು ಕೊಟ್ಟ ಮೇಲೆ ಮತ್ತೆ ಮತ್ತೆ ಯಾರು ಬಂದು ಟಿಕೆಟ್ ಕೇಳುತ್ತಾರೆ?

ಮಧ್ಯಾಹ್ನ ಅವನ ಬಸ್ಸು ಸಿಂಧನೂರಿಗೆ ಬಂದು ನಿಂತಿತು. ಹೊರಡಲು ಮುಕ್ಕಾಲು ಗಂಟೆ ಇತ್ತು. ಡ್ರೈವರ್ ದಾವಲ್‌ಸಾಬ್ ಬುತ್ತಿ ಬಿಚ್ಚಲು ಹೋದರೆ ಅಮರಗುಂಡಪ್ಪ ಕೈ ಹಿಡಿದು ಎಬ್ಬಿಸಿದ.

“ಊಟ ಆಮ್ಯಾಲ. ನೀ ಬಾ, ಸಾಕ್ಷಿಗಿ ಒಬ್ಬರು ಬೇಕು.”

“ಸಾಕ್ಷಿ? ಯಾ ಅಲ್ಲಾ! ಇನ್ನೊಂದು ಮದಿವಿ ಮಾಡ್ಕೊಳಾಕತ್ತೀಯೇನು ಅಮರಣ್ಣಾ?”

“ಇದ್ದ ಹೆಂಡತಿಗೇ ಒಂದು ವಸ್ತು ತರಾಕತ್ತೀನಿ. ನಡಿ ಸುಮ್ನ.”

ಇಲಿಯಾಸನ ಅಂಗಡಿಯಲ್ಲಿ ರೊಟ್ಟಿ ಮಷೀನು ಮದುಮಗನ ಹಾಗೆ ಮಿರಿಮಿರಿ ಮಿಂಚುತ್ತ ನಿಂತಿತ್ತು. ಬೆಲೆ ಐವತ್ತೆಂಟು ಸಾವಿರ. ಅಮರಗುಂಡಪ್ಪ ಅದರ ಸುತ್ತ ಮೂರು ಸುತ್ತು ಬಂದ. ಗಟ್ಟಿಯಾಗಿದೆಯೋ ಇಲ್ಲವೋ ಎಂದು ಜಗ್ಗಿಯೂ ನೋಡಿದ! ಆಮೇಲೆ ಚೀಲದ ಒಳಜೇಬಿನಿಂದ, ಪ್ಲಾಸ್ಟಿಕ್ ಹಾಳೆ ಬಿಚ್ಚಿ, ಕರವಸ್ತ್ರ ಬಿಚ್ಚಿ, ನೀಲಿ ಕಾರ್ಡನ್ನು ಹೊರತೆಗೆದು ರಾಜಮುದ್ರೆ ಕೊಡುವವನಂತೆ ಕೊಟ್ಟ.

ಇಲಿಯಾಸ್ ಕಾರ್ಡನ್ನು ಸ್ವೈಪ್ ಡಬ್ಬಿಗೆ ಉಜ್ಜಿದ. ಡಬ್ಬಿ ಕುಂಯ್ ಅಂದಿತು.

“ಹೋಗವಲ್ದ್ರಿ, ಅಮರಣ್ಣಾರ.”

“ಇನ್ನೊಮ್ಮೆ ಸಾವಕಾಶ ಉಜ್ಜು. ಹೊಸಾ ಕಾರ್ಡು, ನಾಚಿಕಿ ಇರ್ತೈತಿ.”

ಎರಡನೆಯ ಸಲ ಕುಂಯ್. ಅಮರಗುಂಡಪ್ಪ ಕಾರ್ಡನ್ನು ಅಂಗಿಯ ತುದಿಯಿಂದ ಒರೆಸಿ, ಊದಿ, ಕಣ್ಣು ಮುಚ್ಚಿ ಅಮರೇಶ್ವರನನ್ನು ನೆನೆದು ಕೊಟ್ಟ. ಮೂರನೆಯ ಸಲವೂ ಕುಂಯ್!

“ಲಿಮಿಟ್ ಸಾಲವಲ್ದು ಅಂತೈತ್ರಿ,” ಎಂದ ಇಲಿಯಾಸ್.

“ಅರವತ್ತು ಸಾವಿರ ಐತಪಾ! ಇದನ್ನ ಇನ್ನಾ ಒಂದು ಪೈಸಾಕ್ಕೂ ಮುಟ್ಟಿಲ್ಲ ನಾ.”

ಇಲಿಯಾಸ್ ತಲೆ ಕೆರೆದುಕೊಂಡ. “ಇದೇ ಬ್ಯಾಂಕಿಂದು ನಿಮ್ಮ ಹೆಸರಿಲೆ ಇನ್ನೊಂದು ಕಾರ್ಡು ಐತೇನ್ರಿ?”

“ಐತಿ. ಕೆಂಪಂದು. ಅದು ನಮ್ಮ ಮನ್ಯಾಗ ಇರ್ತೈತಿ.”

“ಅದರಾಗ ಖರ್ಚು?”

“ಮೊನ್ನಿ ಜ್ವಾಳ, ಶೇಂಗಾ, ಎಳ್ಳು ಅಂತ ಒಂಬತ್ತು ಸಾವಿರ ಆಗೈತಿ. ಮದಿವಿ ಆರ್ಡರಿಗೆ. ಆದ್ರ ಅದಕ್ಕೂ ಇದಕ್ಕೂ ಏನು ಸಂಬಂಧ?”

“ಅಲ್ಲೇ ಐತಿ ನೋಡ್ರಿ ಹಕೀಕತ್! ಎರಡೂ ಕಾರ್ಡಿಗಿ ಕೂಡಿ ಒಂದೇ ಅರವತ್ತು ಸಾವಿರ. ಅಲ್ಲಿ ಒಂಬತ್ತು ಹೋದ್ರ ಇಲ್ಲಿ ಐವತ್ತೊಂದೇ ಉಳೀತೈತಿ.”

ಅಮರಗುಂಡಪ್ಪ ಬೆರಳು ಮಡಚಿ ಮತ್ತೆ ಮೊದಲಿನಿಂದ ಲೆಕ್ಕ ಹಾಕತೊಡಗಿದ. ದಾವಲ್‌ಸಾಬ್ ಅವನ ಭುಜದ ಮೇಲೆ ಕೈ ಇಟ್ಟು ತಿಳಿಯುವ ಭಾಷೆಯಲ್ಲಿ ಹೇಳಿದ.

“ಅಮರಣ್ಣಾ, ನೀ ಎರಡು ಬಸ್ಸು ಅಂದ್ಕೊಂಡಿದ್ದಿ. ಇದು ಎರಡು ಬಾಗಿಲಿನ ಒಂದೇ ಬಸ್ಸು. ಮುಂದಿನ ಬಾಗಿಲಿಂದ ನಿನ್ನ ಹೆಂಡ್ತಿ ಜ್ವಾಳದ ಚೀಲ ಹತ್ತಿಸ್ಯಾಳ. ನೀ ಹಿಂದಿನ ಬಾಗಿಲಾಗ ಮಷೀನ್ ಹಿಡ್ಕೊಂಡು ನಿಂತೀದಿ. ಸೀಟ್ ಎಲ್ಲಿ ಅದಾವ?”

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅಮರಗುಂಡಪ್ಪನಿಗೆ ಸೀಟಿನ ಲೆಕ್ಕ ಕಲಿಸಿರಲಿಲ್ಲ!

ಅವನ ಮುಖ ನೋಡಿ ಇಲಿಯಾಸನಿಗೆ ಮರುಕವಾಯಿತು. “ಫಿಕರ್ ಮಾಡಬ್ಯಾಡ್ರಿ. ಐವತ್ತು ಸಾವಿರ ಕಾರ್ಡಿನ್ಯಾಗ ಕೊಡ್ರಿ, ಉಳಿದ ಎಂಟು ಪಗಾರ ಆದ ಮ್ಯಾಲ ಕೊಡ್ರಿ. ನೀವೇನು ಎಲ್ಲಿ ಓಡಿ ಹೋಗ್ತೀರಿ? ದಿನಾ ಬಿಟ್ಟು ದಿನಾ ಎರಡು ಸಲ ಸಿಂಧನೂರಿಗೇ ಬರ್ತೀರಿ.”

ಅಮರಗುಂಡಪ್ಪನಿಗೆ ಜೀವ ಬಂದಿತು. ಇಲಿಯಾಸ್ ಐವತ್ತು ಸಾವಿರ ಒತ್ತಿ, ಕಾರ್ಡು ಉಜ್ಜಿದ. ಈ ಸಲ ಡಬ್ಬಿ ಕುಂಯ್ ಅನ್ನಲಿಲ್ಲ. ಉದ್ದಕ್ಕೆ ಕಿರುಚಿತು. ಇಲಿಯಾಸ್ ಅದರಲ್ಲಿ ಮೂಡಿದ್ದನ್ನು ಓದಿ, ಅಮರಗುಂಡಪ್ಪನ ಖಾಕಿಯನ್ನು ಮೇಲಿಂದ ಕೆಳಗೆ ನೋಡಿ, ದನಿ ತಗ್ಗಿಸಿದ.

“ಅಣ್ಣಾರ, ತಪ್ಪು ತಿಳ್ಕೋಬ್ಯಾಡ್ರಿ. ಕಾರ್ಡು ಬಂದ್ ಆಗೈತಿ. ಇದು ಕಳುವಿನ ಕಾರ್ಡು ಅಂತ ತೋರ್ಸಾಕತ್ತೈತಿ.”

“ಕಳುವಿಂದ? ನಂದ ಕಾರ್ಡು ನಾ ಎದಕ್ಕ ಕಳುವು ಮಾಡ್ಲಿ?”

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ತಮ್ಮ ಚೀಲಗಳನ್ನು ಮೆಲ್ಲಗೆ ಆಚೆ ಸರಿಸಿಕೊಂಡರು. ಅಮರಗುಂಡಪ್ಪ ಕಾರ್ಡು ತೆಗೆದುಕೊಂಡು, ಕರವಸ್ತ್ರದಲ್ಲಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬರಿಗೈಯಲ್ಲಿ ಬಸ್ಸಿಗೆ ಮರಳಿದ. ದಾವಲ್‌ಸಾಬ್ ಬುತ್ತಿ ಬಿಚ್ಚಲೇ ಇಲ್ಲ.

ಬಸ್ಸು ಮಸ್ಕಿ ಮುಟ್ಟಿದಾಗ ನಿಲ್ದಾಣದಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವಳು ಶಿವಗಂಗಾ! ಮೊಣಕೈತನಕ ಹಿಟ್ಟು, ಕೆದರಿದ ಕೂದಲು, ಒಂದು ಕೈಯಲ್ಲಿ ಹಳೆಯ ಫೋನು, ಇನ್ನೊಂದರಲ್ಲಿ ಆಧಾರ್ ಕಾರ್ಡು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹತ್ತಿದಳು.

“ರೀ! ಮನಿ ಲೂಟಿ ಆತ್ರೀ!”

ಅಮರಗುಂಡಪ್ಪನ ಬಾಯಿಗೆ ಬಂದದ್ದು ಇಪ್ಪತ್ತೆರಡು ವರ್ಷದ ರೂಢಿಯ ಮಾತು. “ಎಲ್ಲಿಗೆ?”

“ಲಿಂಗಸುಗೂರಿಗ್ರಿ! ಮೊದಲ ಬ್ಯಾಂಕಿಗೆ, ಆಮ್ಯಾಲ ಪೊಲೀಸ್ ಠಾಣೆಕ್ಕ! ಯಾವನೋ ಕಳ್ಳ ನಿಮ್ಮ ಕಾರ್ಡಿಂದ ರೊಕ್ಕ ಹೊಡ್ದಾನ!”

ಬಸ್ಸಿನಲ್ಲಿದ್ದ ಐವತ್ತು ತಲೆಗಳೂ ಒಟ್ಟಿಗೆ ತಿರುಗಿದವು. ಶಿವಗಂಗಾ ಕಂಬ ಹಿಡಿದು ಇಡೀ ಬಸ್ಸಿಗೇ ಹೇಳಿದಳು.

“ನಂಗ ಇಂಗ್ಲಿಷ್ ಬರಂಗಿಲ್ಲ, ಆದ್ರ ಅಂಕಿ ಬರ್ತಾವ. ಒಂದಲ್ಲ, ಎರಡಲ್ಲ, ಮೂರು ಮೆಸೇಜು! ಐವತ್ತೆಂಟು ಸಾವಿರ, ಐವತ್ತೆಂಟು ಸಾವಿರ, ಮತ್ತ ಐವತ್ತೆಂಟು ಸಾವಿರ! ಕೂಡಿಸ್ರಿ ನೀವ!”

ಬಸ್ಸು ಕೂಡಿಸಿತು. “ಒಂದು ಲಕ್ಷ ಎಪ್ಪತ್ನಾಲ್ಕು ಸಾವಿರ!” ಎಂದಿತು ಹಿಂದಿನ ಸೀಟು.

“ಕೇಳಿದ್ರಿಲ್ಲ! ಇವರಿಗಿ ಫೋನ್ ಹಚ್ಚಿದ್ರ ಡ್ಯೂಟಿ ಮ್ಯಾಲ ಎತ್ತಂಗಿಲ್ಲ. ನಾ ಅಂಜಲಿಲ್ಲ. ಮೋಸ ಆದ್ರ ತಕ್ಷಣ ಈ ನಂಬರಿಗಿ ಹಚ್ಚು ಅಂತ ಇವರ ಬರ್ದು ಗ್ವಾಡಿಗಿ ಅಂಟಿಸ್ಯಾರ. ಹಚ್ಚಿದೆ. ಕನ್ನಡಕ್ಕ ಎರಡು ಒತ್ತು ಅಂತು, ಒತ್ತಿದೆ. ಹುಟ್ಟಿದ ತಾರೀಖು ಅಂತು, ಇವರ ಸಾಲಿ ಮಾಸ್ತರ ಬರ್ದಿದ್ದು ಜೂನ್ ಒಂದು, ಅದನ್ನ ಒತ್ತಿದೆ. ಆಮ್ಯಾಲ ಏನಂತು ಗೊತ್ತೇನ್ರಿ? ನಿಮ್ಮ ಹೆಸರಿಲೆ ಎರಡು ಕಾರ್ಡು ಅದಾವ ಅಂತು! ನಮ್ಮ ಮನ್ಯಾಗ ಇರೋದು ಒಂದೇ. ಆ ಕಳ್ಳ ಇವರ ಹೆಸರಿಲೆ ಇನ್ನೊಂದು ಕಾರ್ಡು ಮಾಡ್ಕೊಂಡಾನ್ರಿ! ಎರಡೂ ಬಂದ್ ಮಾಡಾಕ ಮೂರು ಒತ್ತು ಅಂತು. ಇಷ್ಟು ಜೋರ್ ಒತ್ತೀನಿ, ಫೋನ್ ಬಿರುಕು ಬಿಟ್ಟೈತಿ!”

“ಶಾಬ್ಬಾಸ್ ಬೇಟಿ!” ಎಂದರು, ಬಾಂಡೆ ಪಾತ್ರೆಗಳ ಗಂಟಿನ ಜೊತೆ ಮುಂದಿನ ಸೀಟಿನಲ್ಲಿ ಕೂತಿದ್ದ ಹುಸೇನ್‌ಸಾಬರು.

“ಅವನ ಕೈಗೆ ಹುಳಾ ಬೀಳ್ಲಿ!” ಎಂದಳು ಪಕ್ಕದ ಸೀಟಿನ ಸಂತೆಕಲ್ಲೂರಿನ ಅಜ್ಜಿ. “ಉಜ್ಜಿದ ಕೈ ಉದುರಿ ಬೀಳ್ಲಿ!”

ಅಮರಗುಂಡಪ್ಪ ತನ್ನ ಬಲಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡ. ಮುಂದೆ ದಾವಲ್‌ಸಾಬನ ಭುಜಗಳು ಕುಣಿಯುತ್ತಿದ್ದವು. ಅವನು ನಗುತ್ತಿದ್ದನೆಂದು ಸ್ಟೀರಿಂಗಿಗಷ್ಟೇ ಗೊತ್ತಿತ್ತು.

ಬಸ್ಸು ಹೊರಟಿತು. ಲಿಂಗಸುಗೂರು ಮುಟ್ಟುವ ಮೊದಲು ಅಮರಗುಂಡಪ್ಪ ನಿಜ ಹೇಳಲೇಬೇಕು. ಇಲ್ಲವಾದರೆ ಹೆಂಡತಿ ಠಾಣೆಗೆ ಹೋಗಿ ಗಂಡನ ಮೇಲೇ ದೂರು ಬರೆಸಿ ಬರುವುದು ಖಂಡಿತ! ಆದರೆ ಐವತ್ತು ಜನರ ಎದುರು ಹೇಗೆ ಹೇಳುವುದು? ಕಿವಿಯಲ್ಲಿ ಹೇಳೋಣವೆಂದರೆ, ಗಂಡ ಹೆಂಡತಿಯ ಕಿವಿಯ ಹತ್ತಿರ ಬಾಯಿ ಒಯ್ದರೆ ಈ ಬಸ್ಸು ಸುಮ್ಮನಿರುತ್ತದೆಯೇ? ಕೊನೆಗೆ ಅವನು ಕಂಡಕ್ಟರರಿಗೆ ದೇವರು ಕೊಟ್ಟ ದಾರಿಯನ್ನೇ ಹಿಡಿದ. ಹೆಂಗಸರ ಪುಕ್ಕಟೆ ಟಿಕೆಟ್ ಒಂದನ್ನು ತೆಗೆದು, ಚಿಲ್ಲರೆ ಬಾಕಿ ಬರೆಯುವ ಹಾಗೆ ಅದರ ಹಿಂದೆ ಪೆನ್ನಿನಲ್ಲಿ ಬರೆದು, ಅವಳ ಕೈಗೆ ಕೊಟ್ಟು, ಹಿಂದಿನ ಸೀಟುಗಳ ಕಡೆ ಓಡಿದ.

ಶಿವಗಂಗಾ ಟಿಕೆಟ್ ತಿರುಗಿಸಿ ನೋಡಿದಳು. ಗಡಿಬಿಡಿಯಲ್ಲಿ ಚಷ್ಮಾ ಮನೆಯಲ್ಲೇ ಉಳಿದಿತ್ತು.

“ಇದೇನ್ರೀ? ಪುಕ್ಕಟೆ ಟಿಕೇಟಿಗೆ ಎಂಥಾ ಚಿಲ್ಲರಿ ಬಾಕಿ? ಕಾಕಾರ, ಎಷ್ಟು ಬರ್ದಾರ ಸ್ವಲ್ಪ ನೋಡ್ರಿ.”

“ಬ್ಯಾಡ! ಬ್ಯಾಡ್ರಿ ಹುಸೇನ್‌ಸಾಬ್!” ಎಂದು ಅಮರಗುಂಡಪ್ಪ ಹಿಂದಿನಿಂದ ಕೂಗುವಷ್ಟರಲ್ಲಿ, ಹುಸೇನ್‌ಸಾಬರು ಚಷ್ಮಾ ಏರಿಸಿ, ಗಂಟಲು ಸರಿಮಾಡಿಕೊಂಡು, ಪಂಚಾಯಿತಿಯ ನೋಟೀಸು ಓದುವ ದನಿಯಲ್ಲಿ ಓದಿಯೇಬಿಟ್ಟರು.

“ಕಳ್ಳ ನಾನೇ. ರೊಕ್ಕ ಹೋಗಿಲ್ಲ. ಉಳಿದದ್ದನ್ನು ಮನೆಯಲ್ಲಿ ಹೇಳುತ್ತೇನೆ. ಇಂತಿ, ಅಮರಗುಂಡಪ್ಪ, ಬಿಲ್ಲೆ ನಂಬರ್ ಎರಡು ಸಾವಿರದ ಮುನ್ನೂರ ಹನ್ನೊಂದು.”

ಜಾಗ್ರತೆಯ ಮನುಷ್ಯ ನೋಡಿ, ಬಿಲ್ಲೆ ನಂಬರನ್ನೂ ಬಿಡದೆ ಬರೆದಿದ್ದ!

ಶಿವಗಂಗಾ ಎದ್ದು ನಿಂತಳು. ಇಪ್ಪತ್ತು ವರ್ಷ ರೊಟ್ಟಿ ಬಡಿದ ಹೆಂಗಸು ಎದ್ದು ನಿಂತರೆ ಹೇಗಿರುತ್ತದೆಂದು ಆ ಬಸ್ಸಿಗೆ ಅವತ್ತು ತಿಳಿಯಿತು.

“ಎರಡನೇ ಕಾರ್ಡು ನಿಮ್ದ ಏನ್ರೀ?”

“ಹೂಂ.”

“ನಂಗ ಮುಚ್ಚಿಟ್ಟು?”

“ಹೂಂ.”

“ಐವತ್ತೆಂಟು ಸಾವಿರ ಎದಕ್ಕ ಬೇಕಾಗಿತ್ತು?”

“ರೊಟ್ಟಿ ಮಷೀನ್ ತರಾಕ ಹೋಗಿದ್ದೆ.”

“ಯಾರ ಸಲುವಾಗಿ?”

“ನಿನ್ನ ಸಲುವಾಗಿ.”

“ನಾ ಕೇಳಿದ್ನೇನು?”

ಅಮರಗುಂಡಪ್ಪ ಚಿಲ್ಲರೆಯ ಚೀಲವನ್ನು ನೋಡುತ್ತ, ಅದಕ್ಕೇ ಹೇಳುವ ಹಾಗೆ ಸಣ್ಣ ದನಿಯಲ್ಲಿ ಹೇಳಿದ. “ನೀ ಕೇಳಲಿಲ್ಲ. ತಿಂಗಳಾತು, ನೀ ಚಾ ಎಡಗೈಲೆ ಕೊಡಾಕತ್ತೀದಿ.”

ಶಿವಗಂಗಾ ಮೆಲ್ಲಗೆ ಕೂತಳು. ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡು ಕಿಟಕಿಯ ಆಚೆ ನೋಡತೊಡಗಿದಳು.

ಸಂತೆಕಲ್ಲೂರಿನ ಅಜ್ಜಿ ಸೀಟಿನಿಂದ ಹಿಂದೆ ತಿರುಗಿದಳು. “ಏ ಕಂಡಕ್ಟ್ರಪ್ಪಾ, ಆ ಹುಳದ ಮಾತು ನಾ ವಾಪಸ್ ತಗೊಂಡೀನಿ.”

“ಕೈ ಉದುರೋ ಮಾತೂ ತಗೋ ಅಜ್ಜಿ,” ಎಂದ ದಾವಲ್‌ಸಾಬ್ ಮುಂದಿನಿಂದ. “ಅವನ ಕೈ ಉದುರಿದ್ರ ಟಿಕೆಟ್ ಯಾರು ಕೊಡೋರು?”

ಬಸ್ಸು ಹೋ ಎಂದು ನಕ್ಕಿತು. ಅಮರಗುಂಡಪ್ಪನ ಕಿವಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿ, ಲಿಂಗಸುಗೂರು ಬರುವ ತನಕವೂ ಹಾಗೆಯೇ ಇತ್ತು.

ಡ್ಯೂಟಿ ಇಳಿಸಿ ಇಬ್ಬರೂ ಬ್ಯಾಂಕಿಗೆ ಹೋದಾಗ ಬಾಗಿಲು ಮುಚ್ಚುವ ಹೊತ್ತು. ಕೌಂಟರಿನಲ್ಲಿದ್ದ ರಾಜಶ್ರೀ ಎಂಬ ಹುಡುಗಿ ಎಲ್ಲವನ್ನೂ ಕೇಳಿ, ನಗು ಬಾರದ ಹಾಗೆ ತುಟಿ ಬಿಗಿಹಿಡಿದು ವಿವರಿಸಿದಳು. ರೊಕ್ಕ ಒಂದು ಪೈಸೆಯೂ ಹೋಗಿಲ್ಲ. ಬಂದದ್ದು ‘ಕೊಡಲಾಗಲಿಲ್ಲ’ ಎಂಬ ಮೆಸೇಜುಗಳು. ಆದರೆ ಒಮ್ಮೆ ಬಂದ್ ಆದ ಕಾರ್ಡು ಮತ್ತೆ ತೆರೆಯುವುದಿಲ್ಲ. ಎರಡಕ್ಕೂ ಹೊಸ ಕಾರ್ಡು ಬರಲು ಹದಿನೈದು ದಿನ.

“ಮದಿವಿ ರೊಟ್ಟಿ ಒಯ್ಯಾಕ ಹನ್ನೆರಡು ದಿನದಾಗ ಬರ್ತಾರವಾ,” ಎಂದ ಅಮರಗುಂಡಪ್ಪ ದೀನನಾಗಿ.

“ಕಾರ್ಡಿಗೆ ಮದಿವಿ ಗೊತ್ತಾಗಂಗಿಲ್ರಿ, ಸರ್,” ಎಂದಳು ರಾಜಶ್ರೀ. “ಮತ್ತ ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೂರನೇ ಕಾರ್ಡು ತಗೊಂಡ್ರೂ ಲಿಮಿಟ್ ಅಷ್ಟ ಇರ್ತೈತಿ.”

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಸ್ಕಿ ಬಸ್ಸಿಗಾಗಿ ಕಾಯುತ್ತ ಇಬ್ಬರೂ ಕೂತರು. ಶಿವಗಂಗಾಳೇ ಮೊದಲು ಕೇಳಿದಳು.

“ಒಂದು ಮಾತು ಕೇಳಬಾರದಿತ್ತೇನ್ರಿ?”

“ಕೇಳಿದ್ರ ಬ್ಯಾಡ ಅಂತಿದ್ದಿ.”

“ಅಂತಿದ್ದೆ, ಖರೇ. ಆದ್ರ ಕೇಳಿದ್ರಲ್ಲಾ ಅಂತ ಮನಸಿಗಿ ಹಿತ ಆಗ್ತಿತ್ತು.”

ಅಮರಗುಂಡಪ್ಪ ಅವಳ ಬಲಗೈಯನ್ನು ತೆಗೆದುಕೊಂಡು, ಒಣಗಿದ ಹಿಟ್ಟನ್ನು ಉಗುರಿನಿಂದ ಒಂದೊಂದೇ ಚೂರಾಗಿ ಬಿಡಿಸತೊಡಗಿದ. ನಿಲ್ದಾಣದಲ್ಲಿ ಇಷ್ಟು ಜನ ಇದ್ದಾರೆಂಬುದು ಅವನಿಗೆ ಆಮೇಲೆ ಹೊಳೆದು, ಕೈ ಬಿಡಲೋ ಬೇಡವೋ ಎಂದು ಯೋಚಿಸಿದ. ಬಿಡಲಿಲ್ಲ.

“ಬಸವಣ್ಣೆಮ್ಮಾರಿಗೆ ಆಗಂಗಿಲ್ಲ ಅಂತ ಹೇಳಿಬಿಡು,” ಎಂದ.

“ಮದಿವಿ ಮನಿಗಿ ಕೊಟ್ಟ ಮಾತು, ಹೆಂಗ ಹೇಳ್ಲಿ? ಬಡೀತೀನಿ ಬಿಡ್ರಿ.”

“ನೀ ಬಡಿಯಂಗಿಲ್ಲ.”

“ಮತ್ತ್ಯಾರು ಬಡೀತಾರ? ನಿಮ್ಮ ನೀಲಿ ಕಾರ್ಡ?”

ಅಮರಗುಂಡಪ್ಪ ಎದೆ ಸೆಟೆಸಿದ. ಅದೇ ದಿನದ ಎರಡನೆಯ ಪ್ರತಿಜ್ಞೆ ಹೊರಬಿದ್ದಿತು. “ನಾ ಬಡೀತೀನಿ!”

ಶಿವಗಂಗಾ ಅವತ್ತು ಮೊದಲ ಸಲ ನಕ್ಕಳು. ಎಷ್ಟು ನಕ್ಕಳೆಂದರೆ ಮಸ್ಕಿ ಬಸ್ಸು ಬಂದದ್ದೂ ಗೊತ್ತಾಗಲಿಲ್ಲ. ಮಷೀನಿನ ಮಾತು ಮದುವೆ ಮುಗಿದ ಮೇಲೆ, ಇಬ್ಬರೂ ಕೂಡಿಯೇ ಸಿಂಧನೂರಿಗೆ ಹೋಗಿ ನೋಡುವುದೆಂದು ದಾರಿಯಲ್ಲಿ ತೀರ್ಮಾನವಾಯಿತು.

ಖಾನಾವಳಿಗಳಿಗೆ ಹನ್ನೆರಡು ದಿನ ರೊಟ್ಟಿ ಇಲ್ಲವೆಂದು ಶಿವಗಂಗಾ ಹೇಳಿ ಕಳಿಸಿದಳು. ಅಮರಗುಂಡಪ್ಪನಿಗೆ ಒಂದು ದಿನ ಡ್ಯೂಟಿ, ಒಂದು ದಿನ ಬಿಡುವು. ಬಿಡುವಿನ ಮೊದಲ ದಿನ ಅವನು ಬಡಿದ ಮೊದಲ ರೊಟ್ಟಿ ರಾಯಚೂರು ಜಿಲ್ಲೆಯ ನಕಾಶೆಯಂತಿತ್ತು. ಎರಡನೆಯದು ಹಂಚಿಗೆ ಹೋಗುವ ದಾರಿಯಲ್ಲಿ ಎರಡಾಯಿತು. ಮೂರನೆಯದು ಹಂಚನ್ನು ಬಿಟ್ಟು ಬರಲೊಲ್ಲೆ ಎಂದಿತು! ಶಿವಗಂಗಾ ಪಕ್ಕದಲ್ಲಿ ಕೂತು, “ನೀರು ಕಡಿಮಿ. ಬೆರಳು ಅಗಲ. ಸಿಟ್ಟು ಮಾಡಬ್ಯಾಡ್ರಿ, ರೊಟ್ಟಿಗಿ ತಿಳೀತೈತಿ,” ಎಂದು ಹೇಳುತ್ತ, ಎಡಗೈಯಿಂದ ಬೇಯಿಸಿದಳು.

ಆದರೆ ಜಾಗ್ರತೆಯ ಮನುಷ್ಯ ಸೋಲೊಪ್ಪಲಿಲ್ಲ. ಪ್ರತಿ ಉಂಡೆಯನ್ನೂ ತಕ್ಕಡಿಯಲ್ಲಿ ತೂಗಿದ. ಬಡಿದಾದ ಮೇಲೆ ಸ್ಟೀಲಿನ ತಾಟೊಂದನ್ನು ಬೋರಲು ಹಾಕಿ, ಹೊರಗುಳಿದ ಅಂಚನ್ನು ಕತ್ತರಿಸಿದ. ಡ್ಯೂಟಿ ದಿನ ಸಂಜೆ ಬಂದು ಐವತ್ತು, ಬಿಡುವಿನ ದಿನ ಇನ್ನೂರು. ಶಿವಗಂಗಾ ಒಮ್ಮೆ ಹಿಟ್ಟಿಗೆ ಕೈ ಹಾಕಲು ಬಂದದ್ದಕ್ಕೆ, “ಮುಂದ ಹೋಗ್ರಿ, ಮುಂದ ಹೋಗ್ರಿ, ಇಲ್ಲಿ ಜಾಗಾ ಇಲ್ಲ!” ಎಂದು ಆಚೆ ಕಳಿಸಿದ. ಹನ್ನೆರಡನೆಯ ದಿನಕ್ಕೆ ಹದಿನೈದು ನೂರು ರೊಟ್ಟಿಗಳು ಪಡಸಾಲೆಯಲ್ಲಿ ಕಂಬಗಳಂತೆ ನಿಂತವು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಅವತ್ತು ಬೆಳಿಗ್ಗೆ ಚಹಾದ ಲೋಟ ಬಲಗೈಯಲ್ಲಿ ಬಂದಿತು. ಅಮರಗುಂಡಪ್ಪ ಅದನ್ನು ಕುಡಿಯದೆ ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದ.

ಮಧ್ಯಾಹ್ನ ಬಸವಣ್ಣೆಮ್ಮನವರು ಗಾಡಿ ಮಾಡಿಕೊಂಡು ಬಂದರು. ಅವತ್ತು ರಜೆ ಹಾಕಿದ್ದ ಅಮರಗುಂಡಪ್ಪ ಒಳಗೆ ಕೊನೆಯ ಉಂಡೆ ಬಡಿಯುತ್ತಿದ್ದ. ಒಡೆದವುಗಳ ಬದಲಿಗೆ ಹತ್ತು ರೊಟ್ಟಿ ಹೆಚ್ಚಿಗೆ ಇರಲೆಂದು ಅವನ ಲೆಕ್ಕ. ಹೊರಗಿನ ಹೊಗಳಿಕೆಗೆ ಕಿವಿ ತೆರೆದೇ ಇಟ್ಟಿದ್ದ.

ಬಸವಣ್ಣೆಮ್ಮನವರು ಒಂದು ರೊಟ್ಟಿ ಎತ್ತಿದರು. ಇನ್ನೊಂದನ್ನು ಎತ್ತಿ ಅದರ ಮೇಲೆ ಇಟ್ಟರು. ಹತ್ತು ಪೇರಿಸಿದರು. ಹತ್ತೂ ಒಂದೇ ರೊಟ್ಟಿಯಂತೆ ಕಂಡವು. ಅವರ ಮುಖ ಕೆಟ್ಟಿತು.

“ಏನವಾ ಶಿವಗಂಗಾ, ನಾ ಕೈಲೆ ಬಡಿದ ರೊಟ್ಟಿ ಹೇಳಿದ್ದೆ. ಇವು ಮಷೀನಿನವು ಅದಾವಲ್ಲ! ನೋಡ ಇಲ್ಲಿ, ಕೂದಲಷ್ಟು ಹೆಚ್ಚುಕಡಿಮಿ ಇಲ್ಲ. ಹಿಂಗ ಯಾವ ಮನುಷ್ಯಾ ಬಡೀತಾನ? ರೊಟ್ಟಿಗಿ ಒಂದು ರೂಪಾಯಿ ಕಡಿಮಿ ಕೊಡಾಕಿ ನಾ.”

ಒಳಗೆ ಅಮರಗುಂಡಪ್ಪನ ಕೈಯಲ್ಲಿದ್ದ ಉಂಡೆ ಜಾರಿತು. ಹನ್ನೆರಡು ದಿನ! ಹದಿನೈದು ನೂರು ರೊಟ್ಟಿ! ಎರಡೂ ಅಂಗೈ ಕೆಂಪು!

ಶಿವಗಂಗಾ ಗಾಬರಿಯಾಗಲಿಲ್ಲ. “ಹೌದ್ರಿ ಅಮ್ಮಾರ, ಮಷೀನ್ ಐತ್ರಿ. ಸುಳ್ಳು ಯಾಕ ಹೇಳ್ಲಿ? ಹೊರಗ ಕರೀತೀನಿ, ನೀವ ನೋಡ್ರಿ.” ಒಳಗೆ ತಿರುಗಿ ಕೂಗಿದಳು. “ಏನ್ರೀ, ಬರ್ರಿಲ್ಲಿ!”

ಅವಳ ಹಳೆಯ ಸೀರೆಯೊಂದನ್ನು ಸೊಂಟಕ್ಕೆ ಸುತ್ತಿಕೊಂಡು, ಮೀಸೆಯವರೆಗೆ ಹಿಟ್ಟು ಮೆತ್ತಿಕೊಂಡು, ಮಷೀನು ಹೊರಗೆ ಬಂದು ಕೈ ಮುಗಿಯಿತು.

ಬಸವಣ್ಣೆಮ್ಮನವರು ಅದನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ಕೆಂಪು ಅಂಗೈಗಳನ್ನೂ ನೋಡಿದರು. ಆಮೇಲೆ ಕುಲುಕುಲು ನಗುತ್ತ ಕಟ್ಟೆಯ ಮೇಲೆ ಕೂತುಬಿಟ್ಟರು.

“ರೊಕ್ಕ ಪೂರಾ ಕೊಡ್ತೀನವಾ. ಆದ್ರ ನಾ ನಂಬಿದ್ರ ಬೀಗರು ನಂಬಬೇಕಲ್ಲ? ನಿನ್ನ ಮಷೀನಿಗೆ ಹೇಳು, ರೊಟ್ಟಿ ಅಂಚು ಒಂದೀಟು ಅಲ್ಲಲ್ಲಿ ಮುರೀಲಿ. ಹೆಂಗಸರ ಕೈ ಅಂತ ಅನ್ನಿಸ್ಬೇಕು.”

ಗಾಡಿಯವನು ಚಹಾ ಕುಡಿದು ಬರುವವರೆಗೆ ಅಮರಗುಂಡಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಹನ್ನೆರಡು ದಿನ ಕಷ್ಟಪಟ್ಟು ಗುಂಡಗೆ ಮಾಡಿದ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು, ಎಲ್ಲಿ ಮುರಿದರೆ ಚೆನ್ನ ಎಂದು ನೋಡಿ, ಉಗುರಿನಷ್ಟು ಅಂಚು ಮುರಿದು ಪಕ್ಕಕ್ಕಿಟ್ಟ. ಇನ್ನೊಂದನ್ನು ಎತ್ತಿ, ಮುರಿದದ್ದರ ಪಕ್ಕ ಹಿಡಿದು ಅಳೆದು, ಅಷ್ಟೇ ಮುರಿದ.

ಶಿವಗಂಗಾ ಹಣೆ ಚಚ್ಚಿಕೊಂಡಳು.

“ಅಯ್ಯ ನನ ಶಿವನ! ಮುರಿಯೋದನ್ನೂ ಅಳತಿ ಹಿಡ್ದು ಮುರೀಬ್ಯಾಡ್ರೀ!”